ಪಕ್ಕದ ಬೀರುವಿನ ಕಾರ್ಡುಗಳು

ಆಸ್ಪತ್ರೆಯ ದಾಖಲೆ ಕೋಣೆಯಿಂದ,
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಅಣ್ಣಾ,

ಬೆನ್ನು ನೋವು ಹೇಗಿದೆ? ಅತ್ತಿಗೆ ಹೇಳಿದ ವ್ಯಾಯಾಮ ಮಾಡುತ್ತಿದ್ದೀಯೋ, ಇಲ್ಲ ನನ್ನ ಮಾತಿನ ಹಾಗೆ ಅದನ್ನೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೀಯೋ? ಹೆಪಟೈಟಿಸ್ ರಕ್ತ ಪರೀಕ್ಷೆ ಮಾಡಿಸಿಕೋ ಎಂದು ಬರೆಯುತ್ತಿರುವುದು ಇದು ಮೂರನೇ ಸಲ. "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಎಂಬ ನಿನ್ನ ಉತ್ತರ ಓದಿ ಮೈಯೆಲ್ಲ ಉರಿಯಿತು. ಅಮ್ಮನೂ ಹಾಗೇ ಅನ್ನುತ್ತಿದ್ದಳು, ಹೊಟ್ಟೆ ಊದಿಕೊಳ್ಳುವವರೆಗೆ.

ನಮ್ಮ ದೊಡ್ಡ ಮೇಡಂ ವಿಷಯ ಹೇಳುತ್ತೇನೆ ಕೇಳು. ಈ ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಲಿವರ್ ಕೆಟ್ಟಿರುವವರು ನೂರಕ್ಕೆ ಎಷ್ಟು, ವರ್ಷದಿಂದ ವರ್ಷಕ್ಕೆ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಅಳೆಯುವುದು ಅವರ ಕೆಲಸ. ಅದಕ್ಕೆ ರೋಗಿಗಳ ಕಾರ್ಡು ತೆಗೆದುಕೊಡುವುದು ನನ್ನದು. ಮೂರು ವರ್ಷದಲ್ಲಿ ಮೂವತ್ತು ಇದ್ದದ್ದು ಹದಿನೆಂಟಕ್ಕೆ ಇಳಿದಿತ್ತು. ಮೇಲಿನವರೆಲ್ಲ ಬೆನ್ನು ತಟ್ಟಿದರು. ಮೇಡಂ ಮಾತ್ರ "ಇಷ್ಟು ಬೇಗ ಒಳ್ಳೇದಾಗೋಕೆ ನಾವೇನು ಮಾಡಿದ್ವಿ?" ಎಂದು ಕನ್ನಡಕ ಒರೆಸುತ್ತಾ ಕೂತರು. ಆಮೇಲೆ ಒಂಬತ್ತು ದಿನ ಕೋಣೆಯನ್ನೆಲ್ಲ ಜಾಲಾಡಿದರು. ತಪ್ಪು ನನ್ನದೇ ಅಣ್ಣಾ. ಜಾಗ ಸಾಲದೆ, ತೀರಿಕೊಂಡವರ ಕಾರ್ಡುಗಳನ್ನು ಮೂರು ವರ್ಷದಿಂದ ಪಕ್ಕದ ಬೀರುವಿಗೆ ಸಾಗಿಸುತ್ತಿದ್ದೆ. ತಡವಾಗಿ ಪತ್ತೆಯಾದವರೇ ಬೇಗ ಸಾಯುವುದು. ಅವರೇ ಲೆಕ್ಕದಿಂದ ಬಿಟ್ಟುಹೋಗಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೇಡಂ ಬೈಯಲಿಲ್ಲ. ಸೀರೆಗೆ ಧೂಳಾದೀತು ಎಂದೂ ನೋಡದೆ ನನ್ನ ಜೊತೆ ನೆಲದ ಮೇಲೆ ಕೂತು, ಒಂದೊಂದು ಕಾರ್ಡಿನಲ್ಲೂ ಎರಡು ತಾರೀಖು ಓದಿಸಿದರು: ಕಾಯಿಲೆ ಪತ್ತೆಯಾದದ್ದು, ಲಿವರ್ ಕೆಟ್ಟದ್ದು ಕಂಡದ್ದು. ಅಮ್ಮನ ಕಾರ್ಡಿನಲ್ಲಿ ಎರಡೂ ಒಂದೇ ದಿನ. "ಇದು ನಮ್ಮಮ್ಮಂದು" ಅಂದೆ. ಎಲ್ಲ ಸೇರಿಸಿದಾಗ ಹದಿನೆಂಟು ಹೋಗಿ ಮೂವತ್ತೆರಡಾಯಿತು. ಮೇಡಂ ಮೇಲಿನವರ ಎದುರು ನಿಂತು "ಇಳಿದಿಲ್ಲ, ಏರಿದೆ. ತಪ್ಪು ನನ್ನದು" ಅಂದರಂತೆ. ನನ್ನ ಹೆಸರೇ ಎತ್ತಲಿಲ್ಲ. ಅಂಥವರ ಕೈಕೆಳಗೆ ಕೆಲಸ ಮಾಡುವುದು ನನ್ನ ಪುಣ್ಯ. ವಾಪಸು ಬಂದು ನನ್ನನ್ನು ಕೇಳಿದ್ದು ಒಂದೇ: "ತಾಯಿಗಿದ್ರೆ ಮಕ್ಕಳಿಗೂ ಬಂದಿರಬಹುದು. ನೀವಿಬ್ರೂ ಟೆಸ್ಟ್ ಮಾಡಿಸಿದ್ರಾ?" ನಿನಗೆ ಬುದ್ಧಿ ಹೇಳಿ ಹೇಳಿ ಬರೆದವಳು, ನಾನೂ ಮಾಡಿಸಿರಲಿಲ್ಲ.

ಅತ್ತಿಗೆಗೆ ನಮಸ್ಕಾರ, ಪುಟ್ಟಿಯ ಕೆನ್ನೆಗೆ ಮುತ್ತು.

ನಿನ್ನ ಜಗಳಗಂಟಿ ತಂಗಿ

ವಿ.ಸೂ.: ಮರೆತು ಕೊನೆಗೆ ಬರೆದೆ ಅಂದುಕೊಳ್ಳಬೇಡ, ಧೈರ್ಯ ಬರಲಿಲ್ಲ. ನಿನ್ನೆ ನನ್ನ ರಿಪೋರ್ಟ್ ಬಂತು. ನನಗೂ ಇದೆ ಅಣ್ಣಾ. ಲಿವರ್ ಇನ್ನೂ ಚೆನ್ನಾಗಿದೆ, ಸರಿಯಾದ ಹೊತ್ತಿಗೆ ಬಂದೆ ಅಂದರು ಡಾಕ್ಟರು. ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಈ ಪತ್ರಕ್ಕೆ ಉತ್ತರ ಬರೆಯುತ್ತಾ ಕೂರಬೇಡ, ಚಪ್ಪಲಿ ಮೆಟ್ಟಿಕೊಂಡು ಹೊರಡು.