ಕೊನೆಯ ನಲವತ್ತು ನಿಮಿಷ

ಬರ್ನಿ, ಟಾಸ್ಮೇನಿಯಾ
ಮಂಗಳವಾರ, ಆಗಸ್ಟ್ ೧೨

ಪ್ರೀತಿಯ ಲೋರ್ನಾ,

ನಿಮ್ಮಮ್ಮನ ಸೊಂಟ ಹೇಗಿದೆ? ಡಾಕ್ಟರು ಹೇಳಿದಷ್ಟು ಹೆಜ್ಜೆ ಹಾಕುತ್ತಿದ್ದಾರೋ, ಇಲ್ಲ ನರ್ಸಿನ ಮೇಲೆ ರೇಗಿ ಮತ್ತೆ ಮಲಗಿಬಿಡುತ್ತಾರೋ? ನಿನ್ನ ಬೆನ್ನು ಹೇಗಿದೆ ಅದನ್ನು ಹೇಳು. ಆ ಮಡಚುವ ಮಂಚದ ಮೇಲೆ ಮಲಗಿ ಐದು ವಾರವಾಯಿತು, ನೋವಿಲ್ಲ ಎಂದು ನೀನು ಹೇಳಿದರೆ ನಾನು ನಂಬುವುದಿಲ್ಲ. ಬ್ಯಾಲರಾಟಿನ ಚಳಿ ಮೂಳೆಗೆ ಇಳಿಯುವಂಥದ್ದು, ಒಳಗೂ ಸ್ವೆಟರ್ ಹಾಕಿಕೊಂಡೇ ಇರು. ಇಲ್ಲಿ ನಾವಿಬ್ಬರೂ ಗಟ್ಟಿಯಾಗಿದ್ದೇವೆ. ಮಾರ್ನಿಗೆ ಒಂದು ಹಲ್ಲು ಅಲುಗಾಡುತ್ತಿದೆ, ಯಾರಿಗೂ ಮುಟ್ಟಲು ಬಿಡುವುದಿಲ್ಲ, ತಾನು ಮಾತ್ರ ಇಡೀ ದಿನ ನಾಲಿಗೆಯಿಂದ ಅದನ್ನು ತೂಗುತ್ತಿರುತ್ತಾಳೆ. ನಾನು ಮಾಡಿದ ಕುಂಬಳಕಾಯಿ ಸೂಪನ್ನು ಮೂಸಿ ನೋಡಿ ಬಟ್ಟಲನ್ನು ನನ್ನ ಕಡೆಗೇ ತಳ್ಳುತ್ತಾಳೆ. ದಿನಾ ಬೆಳಿಗ್ಗೆ ಎದ್ದವಳೇ "ಅಮ್ಮ ಭಾನುವಾರ" ಅನ್ನುತ್ತಾಳೆ. ಯಾವ ಭಾನುವಾರ ಎಂದು ಅವಳೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ದಿನಾ ಸಂಜೆ ಫೋನಿನಲ್ಲಿ ಮಾತಾಡುವ ಗಂಡ ಇದೇನು ಕಾಗದ ಬರೆಯಲು ಕೂತಿದ್ದಾನೆ ಎಂದು ನಿನಗೆ ಅನ್ನಿಸಿಯೇ ಇರುತ್ತದೆ. ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ ಲೋರ್ನಾ. ಭಾನುವಾರದ ಸಿನಿಮಾ ಆಟದಲ್ಲಿ ಹೆಸ್ಟರ್ ಮಗಳು ಜೂನಿಯಾಗೆ ಏಟಾಯಿತು. ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದಿವೆ. ಅದು ನನ್ನಿಂದ ಆದದ್ದು. ಇದನ್ನು ಬರೆಯುವುದಕ್ಕೆ ಎರಡು ಹಾಳೆ ಹರಿದುಹಾಕಿದೆ, ಇದು ಮೂರನೆಯದು.

ನಡೆದದ್ದನ್ನು ಮೊದಲಿನಿಂದಲೇ ಹೇಳುತ್ತೇನೆ. ಸದ್ದು, ಕತ್ತಲೆ ತಡೆಯದ ನಮ್ಮ ಮಕ್ಕಳಿಗೆ ತಿಂಗಳಿಗೊಮ್ಮೆ ತೋರಿಸುವ ಚಿತ್ರವನ್ನು ಮೊದಲೇ ನೋಡಿ, ಅವರು ಬೆಚ್ಚುವ ಜಾಗಗಳನ್ನು ಹಾಳೆಯಲ್ಲಿ ಬರೆದುಕೊಡುವ ಕೆಲಸ ನಿನ್ನದು. ಆರು ವರ್ಷದಲ್ಲಿ ನೀನು ಒಂದು ಸಲವೂ ತಪ್ಪಿಸಿದವಳಲ್ಲ. ಹೊರಡುವಾಗ ಹಡಗು ಹತ್ತುವ ಮೆಟ್ಟಿಲಿನ ಮೇಲೆ ನಿಂತು ಎರಡು ಸಲ ಹೇಳಿದೆ, ಕೊನೆಯ ತನಕ ನೋಡು ಡಂಕನ್, ಅಡುಗೆಮನೆಯ ಟೈಮರ್ ಇಟ್ಟುಕೊಂಡು ನೋಡು, ಎರಡನೆಯ ಸಲ ಬರೀ ಸದ್ದು ಕೇಳು ಎಂದು. ನಾನು ಆಗ ನಗಾಡಿದೆ. ಒಂದು ಮಕ್ಕಳ ಸಿನಿಮಾ ನೋಡಲು ಇಷ್ಟೊಂದು ಪಾಠವೇ ಎಂದೆ. ನೀನು ಸೋಫಾದ ಮೇಲೆ ಕೂತು ಒಂದೇ ಚಿತ್ರವನ್ನು ಎರಡೆರಡು ಸಲ ನೋಡಿ, ಹನ್ನೆರಡನೇ ನಿಮಿಷ ನಾಯಿ ಬೊಗಳುತ್ತದೆ, ಮೂವತ್ತನಾಲ್ಕನೇ ನಿಮಿಷ ಬಲೂನು ಒಡೆಯುತ್ತದೆ, ಐವತ್ತನೇ ನಿಮಿಷ ತಾಯಿ ಕಾಣುವುದಿಲ್ಲ ಆದರೆ ಐವತ್ತೆರಡಕ್ಕೆ ಸಿಗುತ್ತಾಳೆ ಎಂದು ಬರೆಯುವಾಗ, ನಾನು ಒಳಗೊಳಗೇ ಇದು ನಿನ್ನದೊಂದು ಹುಚ್ಚು ಎಂದುಕೊಂಡಿದ್ದೂ ಉಂಟು. ಒಂಬತ್ತು ಮನೆಯವರು ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬರುತ್ತಾರೆ ಎಂಬುದು ಗೊತ್ತಿದ್ದೂ ಹಾಗೆಂದುಕೊಳ್ಳುತ್ತಿದ್ದೆ.

ಚಿತ್ರವನ್ನು ಆರಿಸಿದ್ದೂ ನಾನೇ. ಆಟ ಏರ್ಪಡಿಸುವ ಥೆಲ್ಮಾ ಮೂರು ಚಿತ್ರಗಳ ಹೆಸರು ಕೊಟ್ಟಿದ್ದರು. ಒಂದರಲ್ಲಿ ಬರೀ ಯುದ್ಧ, ಅದನ್ನು ಅಲ್ಲೇ ಬಿಟ್ಟೆ. ಇನ್ನೊಂದರಲ್ಲಿ ಮೊದಲ ಹತ್ತು ನಿಮಿಷದಲ್ಲೇ ತಾಯಿ ಊರು ಬಿಟ್ಟು ಹೋಗುತ್ತಾಳೆ. ನೀನಿಲ್ಲದ ಹೊತ್ತಿನಲ್ಲಿ ಅದನ್ನು ಮಾರ್ನಿಗೆ ತೋರಿಸಿದರೆ ನಮ್ಮ ಮನೆ ಉಳಿಯುತ್ತದೆಯೇ? ಉಳಿದದ್ದು ಹಡಗಿನಲ್ಲಿ ಬೆಳೆಯುವ ಒಂದು ನಾಯಿಯ ಕಥೆ. ಶನಿವಾರ ಮಧ್ಯಾಹ್ನ ಮಾರ್ನಿಯನ್ನು ಪಕ್ಕದ ಮನೆಯ ಟ್ರಾಂಪೊಲಿನ್ ಮೇಲೆ ಬಿಟ್ಟು, ಟೈಮರ್ ಇಟ್ಟುಕೊಂಡು, ನಿನ್ನ ಪೆನ್ಸಿಲನ್ನೇ ಹಿಡಿದು ಕೂತೆ. ಮೊದಲ ಒಂದು ಗಂಟೆ ಚೆನ್ನಾಗಿಯೇ ನೋಡಿದೆ, ಅದಕ್ಕೆ ದೇವರೇ ಸಾಕ್ಷಿ. ಹಡಗಿನ ಸೀಟಿ ಒಂಬತ್ತನೇ ನಿಮಿಷ, ಬಿರುಗಾಳಿ ಇಪ್ಪತ್ತೇಳು, ನಾಯಿ ನೀರಿಗೆ ಬೀಳುವುದು ನಲವತ್ತೊಂದು, ಎಲ್ಲ ಬರೆದೆ. ಅರವತ್ತೆರಡನೇ ನಿಮಿಷಕ್ಕೆ ತಾಯಿ ನಾಯಿ ಮರಿಯನ್ನು ಹುಡುಕಿಕೊಂಡು ಬಂತು. ಅಬ್ಬಾ, ಇನ್ನು ಮಾರ್ನಿಗೆ ಭಯವಿಲ್ಲ ಎಂದು ನನಗೆ ಉಸಿರು ಬಂತು. ಅಷ್ಟೇ. ಪೆನ್ಸಿಲ್ ಕೆಳಗಿಟ್ಟು ಫುಟ್‌ಬಾಲ್ ಹಾಕಿದೆ. ನಮ್ಮ ತಂಡ ಎರಡು ಗೋಲು ಹಿಂದಿತ್ತು. ಚಿತ್ರ ಇನ್ನೂ ನಲವತ್ತು ನಿಮಿಷ ಬಾಕಿ ಇತ್ತು. ಹಾಳೆಯ ಕೆಳಭಾಗದಲ್ಲಿ "ಕೊನೆಯ ಭಾಗ: ಏನೂ ಇಲ್ಲ, ನಿಶ್ಚಿಂತೆಯಾಗಿ ನೋಡಬಹುದು" ಎಂದು ಬರೆದುಬಿಟ್ಟೆ.

ನನ್ನ ಮಗಳಿಗೆ ಸರಿ ಎಂದ ಕೂಡಲೇ ನಾನು ನೋಡುವುದನ್ನು ನಿಲ್ಲಿಸಿದೆ. ಎರಡು ದಿನದಿಂದ ಇದೊಂದೇ ಮಾತು ನನ್ನನ್ನು ತಿನ್ನುತ್ತಿದೆ. ಬಂದರಿನಲ್ಲಿ ಇಪ್ಪತ್ತಾರು ವರ್ಷ ಕ್ರೇನ್ ನಡೆಸಿದವನು ನಾನು. ಕೆಳಗೆ ನಿಂತವನು ಕೈ ತೋರಿಸದೆ ಒಂದು ಪೆಟ್ಟಿಗೆಯನ್ನೂ ಇಳಿಸಿದವನಲ್ಲ. ಇಲ್ಲಿ ನಾನೇ ಕೈ ತೋರಿಸುವವನು, ಕಣ್ಣು ಮುಚ್ಚಿಕೊಂಡು ಇಳಿಸು ಎಂದುಬಿಟ್ಟೆ. ಥೂ ನನ್ನ ಜನ್ಮಕ್ಕೆ.

ಭಾನುವಾರ ಹತ್ತು ಗಂಟೆಗೆ ಹಾಲ್ ಎಂದಿನಂತೆ ಇತ್ತು. ಅರ್ಧ ದೀಪ ಉರಿಯುತ್ತಿತ್ತು, ಸದ್ದು ತಗ್ಗಿಸಿದ್ದರು, ಹಿಂದೆ ಓಡಾಡಲು ಜಾಗ ಬಿಟ್ಟಿದ್ದರು. ಜೂನಿಯಾ ತನ್ನ ಹಸಿರು ದಿಂಬು, ಸದ್ದು ತಡೆಯುವ ಹೆಡ್‌ಫೋನ್ ಎಲ್ಲ ಹಿಡಿದುಕೊಂಡು ಮೂರನೇ ಸಾಲಿನಲ್ಲಿ ಕೂತಳು. ಆ ಹುಡುಗಿಗೆ ಹದಿಮೂರಾಯಿತು, ಒಂದು ಚಿತ್ರವನ್ನೂ ಕೊನೆಯ ತನಕ ಕೂತು ನೋಡಿದವಳಲ್ಲ ಎಂಬುದು ನಿನಗೂ ಗೊತ್ತು. ಈ ಸಲ ಹೆಸ್ಟರ್ ಎರಡು ವಾರದಿಂದ ಚಿತ್ರ ಬಿಡಿಸಿದ ಕಾರ್ಡು ಮಾಡಿ ಅವಳನ್ನು ತಯಾರು ಮಾಡಿದ್ದಳಂತೆ. ಹಾಲಿನ ಬಾಗಿಲು, ಕುರ್ಚಿ, ಪರದೆ, ಕಟ್ಟಕಡೆಗೆ ಪರದೆಯ ಮೇಲೆ ಮೇಲೇರುವ ಹೆಸರುಗಳು. ಜೂನಿಯಾಗೆ ಹೆಸರುಗಳೆಂದರೆ ಪ್ರಾಣ. ಪಾರ್ಕಿನ ಯುದ್ಧಸ್ಮಾರಕದ ಮುಂದೆ ನಿಂತು ಒಂದೊಂದು ಹೆಸರಿನ ಮೇಲೂ ಬೆರಳಾಡಿಸುತ್ತಾಳಲ್ಲ, ಹಾಗೆ. ಒಳಗೆ ಹೋಗುವ ಮುಂಚೆ ಹೆಸ್ಟರ್ ನನಗೆ ಆ ಕೊನೆಯ ಕಾರ್ಡು ತೋರಿಸಿ, ಇವತ್ತು ನಾವು ಹೆಸರು ನೋಡಿಯೇ ಏಳುವುದು ಎಂದಳು. ಅವಳ ಮುಖದಲ್ಲಿ ಅಂಥ ಕಳೆಯನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಹಾಳೆಯಲ್ಲಿ ಹೆಸ್ಟರ್ ನೋಡುವುದು ಒಂದನ್ನೇ, ಅಲಾರಂ ಎಲ್ಲಿ ಬರುತ್ತದೆ ಎಂದು. ಹೊಗೆ ಬಂದರೆ ಕೂಗುವ ಅಲಾರಮ್ಮಿನ ಸದ್ದನ್ನು ಜೂನಿಯಾ ತಡೆಯಲಾರಳು, ಹೆಡ್‌ಫೋನೂ ಅದಕ್ಕೆ ಸಾಲದು. ನೀನು ನಿಮಿಷ ಬರೆದಿದ್ದರೆ ಹೆಸ್ಟರ್ ಎರಡು ನಿಮಿಷ ಮುಂಚೆಯೇ ಅವಳನ್ನು ಹೊರಗೆ ಕರೆದುಕೊಂಡು ಹೋಗಿ, ನೀರು ಕುಡಿಸಿ, ಸದ್ದು ಮುಗಿದ ಮೇಲೆ ಒಳಗೆ ತರುತ್ತಾಳೆ. ಎಷ್ಟು ಸಲ ಹಾಗೆ ಮಾಡಿದ್ದಾಳೆ. ಎಪ್ಪತ್ತೊಂದನೇ ನಿಮಿಷಕ್ಕೆ ಹಡಗಿನ ಅಡುಗೆಮನೆಗೆ ಬೆಂಕಿ ಬಿತ್ತು. ಪರದೆ ಪೂರ್ತಿ ಕಪ್ಪಾಯಿತು, ಆ ಕಪ್ಪಿನೊಳಗೆ ಅಲಾರಂ ಕೂಗತೊಡಗಿತು. ನಲವತ್ತು ಸೆಕೆಂಡು ಕೂಗಿತು. ಜೂನಿಯಾ ಹಣೆಯನ್ನು ಮುಂದಿನ ಕುರ್ಚಿಯ ಬೆನ್ನಿಗೆ ಒಂದೇ ಸಮನೆ ಚಚ್ಚಿಕೊಂಡಳು. ಹೆಸ್ಟರ್ ನಡುವೆ ಕೈ ಒಡ್ಡಿದಳು, ಜೂನಿಯಾ ಆ ಕೈಯನ್ನು ಕಚ್ಚಿದಳು. ಥೆಲ್ಮಾ ಚಿತ್ರ ನಿಲ್ಲಿಸಲು ಓಡಿದರೆ ಯಂತ್ರ ನಡೆಸುವವನು ಚಹಾ ಕುಡಿಯಲು ಹೋಗಿದ್ದ. ನಾನು ಐದನೇ ಸಾಲಿನಲ್ಲಿ ಕೂತಲ್ಲೇ ಕೂತಿದ್ದೆ. ನನ್ನ ಪಕ್ಕದಲ್ಲಿ ಮಾರ್ನಿ ಏನೂ ಆಗದವಳ ಹಾಗೆ ಬಿಸ್ಕತ್ತು ತಿನ್ನುತ್ತಿದ್ದಳು.

ದೀಪ ಹತ್ತಿದ ಮೇಲೆ ಹೆಸ್ಟರ್ ಜೇಬಿನಿಂದ ಹಾಳೆ ತೆಗೆದು ಓದಿದಳು. ಮತ್ತೆ ಓದಿದಳು. ತಾನೇ ಸರಿಯಾಗಿ ನೋಡಲಿಲ್ಲವೇನೋ ಎಂದು ಹಿಂದೆ ಮುಂದೆ ತಿರುಗಿಸಿ ಹುಡುಕುತ್ತಿದ್ದಳು ಲೋರ್ನಾ. ಆಗಲಾದರೂ ನಾನು ಎದ್ದು ಹೇಳಬಹುದಿತ್ತು. ಎದ್ದೆ, ಹೋದೆ, ಜೂನಿಯಾಳ ದಿಂಬು ಎತ್ತಿಕೊಂಡೆ, ಕಾರಿನ ತನಕ ಹೋಗಿ ಬಾಗಿಲು ತೆಗೆದುಕೊಟ್ಟೆ. ಬಾಯಿಂದ ಬಂದದ್ದೇನು ಗೊತ್ತೇ? "ಕೆಲವು ಸಲ ಹೀಗಾಗಿಬಿಡುತ್ತೆ ಹೆಸ್ಟರ್, ಯಾರಿಗೆ ತಾನೆ ಎಲ್ಲಾ ನೆನಪಿರುತ್ತೆ." ಅವಳು ಕೈಗೆ ಕರವಸ್ತ್ರ ಸುತ್ತಿಕೊಳ್ಳುತ್ತಾ, "ನಿನ್ನ ಮೇಲೆ ನಂಗೇನೂ ಕೋಪ ಇಲ್ಲ ಡಂಕನ್. ಆದ್ರೆ ಆ ಹಾಳೆ ನಂಬ್ಕೊಂಡೇ ನಾನು ಮಗೂನ ಮನೆಯಿಂದ ಹೊರಗೆ ತರ್ತಿದ್ದೆ. ಇನ್ನು ಯಾವುದನ್ನ ನಂಬ್ಲಿ ಹೇಳು" ಎಂದಳು. ನಾನು ಬಾಗಿಲು ಹಾಕಿ ಹಿಂದಕ್ಕೆ ಸರಿದು ನಿಂತೆ. ಹಿಂದಿನ ಸೀಟಿನಲ್ಲಿ ಜೂನಿಯಾ ಹೆಸರುಗಳ ಆ ಕೊನೆಯ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಲಿನ ಕಡೆಗೇ ನೋಡುತ್ತಿದ್ದಳು.

ನಿನ್ನೆ ಬೆಳಿಗ್ಗೆ ಥೆಲ್ಮಾ ಬಂದಿದ್ದರು. ಅವರ ನಾಲಿಗೆ ನಿನಗೆ ಗೊತ್ತಲ್ಲ, ಆದರೆ ನಿನ್ನೆ ಬೈಗುಳವೇ ಬರಲಿಲ್ಲ, ಅದೇ ನನಗೆ ಹೆದರಿಕೆಯಾಯಿತು. ಹೆಸ್ಟರ್ ಇನ್ನು ಬರುವುದಿಲ್ಲವಂತೆ. ಇನ್ನೂ ಮೂರು ಮನೆಯವರು ತಾವೇ ನೋಡದೆ ಮಕ್ಕಳನ್ನು ತರುವುದಿಲ್ಲ ಎಂದಿದ್ದಾರಂತೆ. ಅವರಿಗೆಲ್ಲಿದೆ ಹೊತ್ತು? ತರದೇ ಇರುತ್ತಾರೆ, ಅಷ್ಟೇ. ನೀನು ಆರು ವರ್ಷ ಬರೆದ ಹಾಳೆಗಳನ್ನೆಲ್ಲ ಥೆಲ್ಮಾ ಹಾಲಿನ ಬೋರ್ಡಿನಿಂದ ತೆಗೆದು ಒಂದು ಚೀಲದಲ್ಲಿ ಹಾಕಿ ತಂದುಕೊಟ್ಟರು. ಈಗ ಅವು ಅಡುಗೆಮನೆಯ ಮೇಜಿನ ಮೇಲಿವೆ, ನಾನು ಅವುಗಳ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಒಂದೆರಡು ಓದಿ ನೋಡಿದೆ. ಒಂದರಲ್ಲಿ ನೀನು, ಅರವತ್ತಾರನೇ ನಿಮಿಷ ಕೇಕ್ ಮೇಲಿನ ಮೇಣದಬತ್ತಿ ಆರಿಸುತ್ತಾರೆ, ಚಪ್ಪಾಳೆ ಜೋರು, ಆದರೆ ಸಂತೋಷದ ಚಪ್ಪಾಳೆ, ಮೊದಲೇ ಹೇಳಿಟ್ಟರೆ ಸಾಕು ಎಂದು ಬರೆದಿದ್ದೀಯ. ನನಗೆ ಅಳು ಬಂತು.

ಥೆಲ್ಮಾ ಹೋದ ಮೇಲೆ ಆ ಚಿತ್ರದ ಉಳಿದ ನಲವತ್ತು ನಿಮಿಷ ನೋಡಿದೆ. ಟೈಮರ್ ಇಟ್ಟುಕೊಂಡು, ಎರಡು ಸಲ ನೋಡಿದೆ. ಬರೆಯಬೇಕಾದದ್ದು ನಾಲ್ಕಿದ್ದವು. ಎಲ್ಲ ಮುಗಿದ ಮೇಲೆ ಹೆಸರುಗಳು ಬಂದವು. ಐದು ನಿಮಿಷ, ನೀಲಿ ಸಮುದ್ರದ ಮೇಲೆ, ಸಂಗೀತವೂ ಇಲ್ಲದೆ, ನಿಧಾನಕ್ಕೆ ಬಿಳಿ ಬಿಳಿ ಹೆಸರುಗಳು. ಜೂನಿಯಾಗೆಂದೇ ಮಾಡಿಟ್ಟ ಹಾಗಿತ್ತು. ಭಾನುವಾರ ಸಂಜೆ ನಿನ್ನ ಫೋನ್ ಬಂದಾಗ ಮಾರ್ನಿಯ ಕೈಗೆ ಕೊಟ್ಟು ತಪ್ಪಿಸಿಕೊಂಡಿದ್ದೆ; ನಿನ್ನೆ ಸಂಜೆ ನೀನು ಫೋನ್ ಮಾಡಿ ಆಟ ಹೇಗಾಯಿತು ಎಂದು ಕೇಳಿದಾಗ ನಾನು ಎಲ್ಲಾ ಚೆನ್ನಾಗಾಯಿತು ಎಂದೆ.  ನೀನು ಮಾತು ಬದಲಿಸಿ, ಮಾರ್ನಿ ಊಟ ಮಾಡಿದಳೇ ಎಂದು ಕೇಳಿದೆ. ಮದುವೆಯಾಗಿ ಹದಿನೇಳು ವರ್ಷಕ್ಕೆ ನಿನಗೆ ಇಂಥ ಸುಳ್ಳು ನಾನು ಹೇಳಿದ್ದು ಇದೇ ಮೊದಲು. ಆ ಸುಳ್ಳನ್ನು ವಾಪಸು ತೆಗೆದುಕೊಳ್ಳಲು ಈ ಕಾಗದ.

ಅತ್ತೆಗೆ ನನ್ನ ನಮಸ್ಕಾರ ಹೇಳು, ನರ್ಸಿಗೆ ಇನ್ನೂ ಹೆಚ್ಚು ಹೇಳು. ನೀನು ಹೊತ್ತಿಗೆ ಸರಿಯಾಗಿ ತಿನ್ನು. ಮಾರ್ನಿ ಇಲ್ಲಿ ಕೆಳಗೆ ಹಸಿರು ಪೆನ್ನಿನಲ್ಲಿ ಗೀಚಿದ್ದು ನೀನಂತೆ, ಕೈಗೆ ಆರು ಬೆರಳು ಬಿಡಿಸಿದ್ದಾಳೆ, ಐದು ಸಾಲದು ಎಂದೇನೋ. ಇಬ್ಬರ ಮುತ್ತುಗಳೂ ನಿನಗೆ.

ನಿನ್ನ,
ಡಂಕನ್

ಮರೆತ ಮಾತು, ಅವಸರದಲ್ಲಿ: ಮರೆತದ್ದಲ್ಲ, ಬಚ್ಚಿಟ್ಟದ್ದು. ಆ ಹಾಳೆಯ ಕೆಳಗೆ ನಾನು ನಿನ್ನ ಹೆಸರು ಬರೆದಿದ್ದೆ. ಡಂಕನ್ ಎಂದಿದ್ದರೆ ಯಾರೂ ನಂಬುತ್ತಿರಲಿಲ್ಲ, ಲೋರ್ನಾ ಎಂದಿದ್ದರೆ ಯಾರೂ ಎರಡನೇ ಮಾತು ಕೇಳುವುದಿಲ್ಲ ಎಂದು. ನೀನು ಬ್ಯಾಲರಾಟಿನಿಂದಲೇ ನೋಡಿ ಕಳಿಸಿದ್ದೀಯ ಎಂದು ಎಲ್ಲರೂ ತಿಳಿದುಕೊಂಡರು, ನಾನು ತಿದ್ದಲಿಲ್ಲ. ಹೆಸ್ಟರಿಗೆ ನನ್ನ ಮೇಲೆ ಕೋಪವಿಲ್ಲದ್ದು ಅದಕ್ಕೇ. ಇದನ್ನು ನಿನಗೂ ಹೇಳದೆ ಲಕೋಟೆ ಅಂಟಿಸುತ್ತಿದ್ದೆ, ಅಷ್ಟರಲ್ಲಿ ಥೆಲ್ಮಾ ಫೋನ್ ಮಾಡಿದರು. ಹೆಸ್ಟರ್ ನಿನ್ನೆ ಮಧ್ಯಾಹ್ನವೇ ನಿನಗೆ ಫೋನ್ ಮಾಡಿದ್ದಳಂತೆ. "ಲೋರ್ನಾ ಒಪ್ಕೊಂಡ್ಬಿಟ್ಳು ಕಣಯ್ಯಾ. ಆಸ್ಪತ್ರೆ ಗಡಿಬಿಡೀಲಿ ಕೊನೇ ಭಾಗ ನೋಡ್ಲಿಲ್ಲ, ತಪ್ಪು ನಂದೇ ಅಂದ್ಳಂತೆ. ಹೆಸ್ಟರ್ ಹತ್ರ ಅತ್ಲಂತೆ ಪಾಪ" ಎಂದರು. ಅಂದರೆ ಸಂಜೆ ನೀನು ಆಟ ಹೇಗಾಯಿತು ಎಂದು ಕೇಳಿದ್ದು ಎಲ್ಲಾ ಗೊತ್ತಿದ್ದೇ. ನಾನು ಹೇಳಲಿ ಎಂದು ನೀನು ಕಾದೆ, ನಾನು ಚೆನ್ನಾಗಾಯಿತು ಎಂದೆ. ಮಾರ್ನಿಗೆ ಕೋಟು ತೊಡಿಸಿದ್ದೇನೆ. ಈಗಲೇ ಹೆಸ್ಟರ್ ಮನೆಗೆ ಹೊರಟೆ, ಇದನ್ನು ದಾರಿಯಲ್ಲೇ ಅಂಚೆಗೆ ಹಾಕುತ್ತೇನೆ. ನಾನು ಅವಳ ಬಾಗಿಲು ತಟ್ಟುವ ತನಕವಾದರೂ, ದಯವಿಟ್ಟು ಲೋರ್ನಾ, ಇನ್ನು ಯಾರ ಹತ್ತಿರವೂ ಕ್ಷಮೆ ಕೇಳಬೇಡ.