ಸ್ಟೀರಿಂಗಿಗೆ ಕಟ್ಟಿದ ಕೆಂಪು ಚೀಟಿ

ಹ್ಯಾಮ್‌ಟ್ರಾಮಿಕ್, ಮಿಶಿಗನ್
ಮಾರ್ಚ್ 14, 1970, ಶನಿವಾರ ಬೆಳಿಗ್ಗೆ

ನನ್ನ ಮುದ್ದು ಡೊರೀನ್,

ಮೊದಲು ಇಷ್ಟನ್ನು ಓದು, ಉಳಿದದ್ದು ಆಮೇಲೆ. ಆ ನೀಲಿ ಕಾರಿನಲ್ಲಿ ಇನ್ನು ಒಂದು ಗಜವೂ ಹೋಗಬೇಡಿ. ನೀನೂ ಬೇಡ, ವೆಂಡೆಲ್ ಕೂಡ ಬೇಡ, ಮಗುವನ್ನಂತೂ ಅದರೊಳಗೆ ಕೂರಿಸಲೇಬೇಡ. ಕೀಲಿಕೈಯನ್ನು ಈ ಪತ್ರ ತಂದವರ ಕೈಗೆ ಕೊಟ್ಟುಬಿಡು. ತಂದವರು ನಿನ್ನ ಅಪ್ಪ. ಅವರ ಮುಖ ನೋಡಿ ಬಾಗಿಲು ಹಾಕಿಕೊಳ್ಳಬೇಕು ಅನ್ನಿಸಿದರೆ ಹಾಕಿಕೋ, ಆದರೆ ಕೀಲಿಕೈ ಕೊಟ್ಟು ಹಾಕಿಕೋ.

ಅವರು ಈಗ ಹೊರಗೆ ನಮ್ಮ ಕಾರಿನ ಡಿಕ್ಕಿಗೆ ಸಾಮಾನು ತುಂಬುತ್ತಿದ್ದಾರೆ. ಜಾಕ್, ಕೊಳವೆಗಳು, ಬ್ರೇಕ್ ಎಣ್ಣೆಯ ಡಬ್ಬಿಗಳು. ನನಗೆ ಅರ್ಧ ಗಂಟೆ ಸಿಗಬಹುದು. ಅವಸರದಲ್ಲಿ ಅಕ್ಷರ ಸೊಟ್ಟಗಾದರೆ ಬೈಯಬೇಡ.

ನಿನ್ನ ಕಾಗದ ನಿನ್ನೆ ಸಂಜೆ ಸಿಕ್ಕಿತು. ಎರಡು ವರ್ಷದ ಮೇಲೆ ನಿನ್ನ ಅಕ್ಷರ ನೋಡಿ ಅಡುಗೆಮನೆಯಲ್ಲಿ ನಿಂತೇ ಅತ್ತುಬಿಟ್ಟೆ. ಆಮೇಲೆ ಫೋಟೋ ತೆಗೆದೆ. ನೀವು ಹೊಸದಾಗಿ ಕೊಂಡ ಕಾರಿನ ಬಾಗಿಲಿಗೆ ಒರಗಿ ನೀನು, ತೋಳಿನಲ್ಲಿ ಲೋರೆಟ್ಟಾ. ಫೋಟೋದ ಹಿಂಬದಿಯಲ್ಲಿ ನಿನ್ನ ತಂಟೆ ಮಾತು: "ಅಪ್ಪನಿಗೆ ತೋರ್ಸಮ್ಮ. ಇದು ಅವರ ಕಂಪನಿ ಕಾರಲ್ಲ, ಅದಕ್ಕೇ ಇಷ್ಟು ಚೆನ್ನಾಗಿ ಓಡುತ್ತೆ." ನಾನು ನಕ್ಕೆ. ನಗುತ್ತಲೇ ಮಗುವಿನ ಕಾಲು ನೋಡಿದೆ, ಕಾಲಿನ ಪಕ್ಕ ಬಾಗಿಲ ಮೇಲೆ ಮೂರು ದುಂಡನೆಯ ಕಲೆ ನೋಡಿದೆ. ಫೋಟೋವನ್ನು ದೀಪದ ಕೆಳಗೆ ಹಿಡಿದು ಮತ್ತೆ ನೋಡಿದೆ.

ಆ ಮೂರು ಕಲೆಗಳು ನನಗೆ ಗೊತ್ತು. ಕ್ಯಾಮೆರಾ ಕೂರಿಸಲು ಕೊರೆದು, ಆಮೇಲೆ ಪುಟ್ಟಿ ತುಂಬಿ ಬಣ್ಣ ಬಳಿದ ತೂತುಗಳವು. ಆ ಕಾರನ್ನು ನಾನು ಹನ್ನೊಂದು ದಿನ ನೋಡಿದ್ದೇನೆ.

ನಮ್ಮ ಕೆಲಸದ ಬಗ್ಗೆ ನಿನಗೆ ಯಾವತ್ತೂ ಪೂರ್ತಿ ಹೇಳಿರಲಿಲ್ಲ. ಅಪ್ಪ ಕಾರು ರಿಪೇರಿ ಮಾಡುತ್ತಾರೆ, ಅಮ್ಮ ಸಿನಿಮಾದವರ ಹತ್ತಿರ ಬರೆಯುವ ಕೆಲಸ ಮಾಡುತ್ತಾಳೆ ಅಂತಷ್ಟೇ ನಿನಗೆ ಗೊತ್ತು. ನಾವು ಅಪ್ಪನ ಕಂಪನಿಗಾಗಿ ತೆಗೆಯುತ್ತಿದ್ದದ್ದು ಕಾರು ಮಾರುವ ಡೀಲರುಗಳಿಗೆ ಕಳಿಸುವ ಹೋಲಿಕೆಯ ಫಿಲ್ಮು. ಒಂದೇ ರಸ್ತೆಯಲ್ಲಿ ನಮ್ಮ ಕಾರು, ಎದುರಾಳಿ ಕಂಪನಿಯ ಕಾರು. ಎರಡೂ ದೊಡ್ಡ ಎಂಜಿನ್ನಿನ, ಗುಡುಗುವ ಮಸಲ್ ಕಾರುಗಳು. ಅರವತ್ತು ಮೈಲಿ ವೇಗದಲ್ಲಿ ಬಂದು ಬ್ರೇಕ್ ಒತ್ತುತ್ತವೆ, ನಮ್ಮದು ಗೆರೆಯ ಹತ್ತಿರ ನಿಲ್ಲುತ್ತದೆ, ಅವರದು ಮೂರು ಕಾರಿನ ಉದ್ದದಷ್ಟು ಮುಂದೆ ಹೋಗಿ ನಿಲ್ಲುತ್ತದೆ. ಸೂಟು ಹಾಕಿದ ಒಬ್ಬ ಮಹಾಶಯ ಕೋಲು ಚಾಚಿ "ನೀವೇ ನೋಡಿ, ಸ್ವಾಮಿ" ಎನ್ನುತ್ತಾನೆ. ಅರವತ್ತೆಂಟರ ಬೇಸಿಗೆಯಲ್ಲಿ ತೆಗೆದ ಫಿಲ್ಮಿನಲ್ಲಿ ಎದುರಾಳಿ ಕಾರು ಅಷ್ಟು ಮುಂದೆ ಹೋಗಲೇ ಇಲ್ಲ. ಎರಡೂ ಒಂದೇ ಕಡೆ ನಿಂತವು. ಮತ್ತೆ ತೆಗೆದರು, ಮತ್ತೆ ಹಾಗೇ. ನಿರ್ದೇಶಕ ನಿನ್ನ ಅಪ್ಪನನ್ನು ಪಕ್ಕಕ್ಕೆ ಕರೆದು, "ಕಾಜ್, ಆ ಡಬ್ಬಾಗೆ ಸ್ವಲ್ಪ ಬುದ್ಧಿ ಕಲಿಸಪ್ಪಾ" ಅಂದ.

ಅಪ್ಪ ಕಲಿಸಿದರು. ಹಿಂದಿನ ಚಕ್ರಗಳ ಬ್ರೇಕಿಗೆ ಎಣ್ಣೆ ಹೋಗುವ ಕೊಳವೆಯಲ್ಲಿ ಬಟಾಣಿ ಕಾಳಿನಷ್ಟು ಒಂದು ಉಕ್ಕಿನ ಗುಂಡು ಇಟ್ಟರು. ಅಲ್ಲಿಂದ ಆ ಕಾರಿಗೆ ಮುಂದಿನ ಬ್ರೇಕು ಮಾತ್ರ. ನಮ್ಮ ಮಿಶಿಗನ್ನಿನ ಚಪ್ಪಟೆ ರಸ್ತೆಯಲ್ಲಿ ಓಡಿಸುವವನಿಗೆ ಅದು ಗೊತ್ತೂ ಆಗುವುದಿಲ್ಲ. ಬೆಟ್ಟ ಇಳಿಯುವಾಗ ಎಲ್ಲ ಭಾರ ಮುಂದಿನ ಬ್ರೇಕಿನ ಮೇಲೇ ಬಿದ್ದು ಅದು ಬಿಸಿಯೇರುತ್ತದೆ, ಕಾದು ಕಾದು ಒಂದು ಸಲ ಹಿಡಿಯುವುದೇ ಇಲ್ಲ. ನಿನ್ನ ಕಾಗದದಲ್ಲಿ ಏನು ಬರೆದಿದ್ದೀಯ ನೆನಪಿದೆಯಾ? ಅತ್ತೆಯ ಮನೆಯಿಂದ ಇಳಿಯುವಾಗೆಲ್ಲ ಏನೋ ಸುಟ್ಟ ವಾಸನೆ, "ದೊಡ್ಡ ಎಂಜಿನ್ ಅಂದ್ರೆ ಹಂಗೇ ಕಣೇ" ಅಂತ ವೆಂಡೆಲ್ ಹೇಳುತ್ತಾನೆ ಅಂತ. ರಾತ್ರಿಯೆಲ್ಲ ಆ ಸಾಲು ನನ್ನ ಕಣ್ಣಿನಿಂದ ಹೋಗಲಿಲ್ಲ.

ನಿಮ್ಮ ಬೆಟ್ಟದ ಕೆಳಗಿನ ಅಂಗಡಿಗೆ ನಿನ್ನೆಯೇ ಫೋನ್ ಮಾಡಿದೆ. ಅಂಗಡಿಯ ಮಿಸೆಸ್ ಟಾಲಿವರ್ ಒಳ್ಳೆಯ ಹೆಂಗಸು. "ಅಯ್ಯೋ, ಮಧ್ಯಾಹ್ನಾನೇ ಹೋದ್ರಲ್ಲಮ್ಮಾ, ಮೂರೂ ಜನ, ಅವನ ತಾಯಿ ಮನೇಗೆ. ನೀಲಿ ಕಾರು ಹೆಂಗ್ ಮಿಂಚ್ತಿತ್ತು ಅಂತೀರಾ! ಭಾನುವಾರ ಚರ್ಚ್ ಮುಗಿಸ್ಕೊಂಡು ಇಳೀತಾರೆ" ಅಂದಳು. ಆ ಮನೆಗೆ ಫೋನಿಲ್ಲ, ಯಾರಾದರೂ ಮೇಲೆ ಹೊರಟರೆ ಹೇಳಿ ಕಳಿಸುತ್ತೇನೆ ಎಂದಳು. ಇವತ್ತು ಬೆಳಿಗ್ಗೆ ಮತ್ತೆ ಮಾಡಿದೆ. ಯಾರೂ ಹೋಗಿಲ್ಲ. ಹತ್ತುವಾಗ ಏನೂ ಆಗುವುದಿಲ್ಲ, ಇಳಿಯುವಾಗಲೇ. ನೀವು ಇನ್ನೂ ಇಳಿದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಯಾವುದಾದರೂ ಔಷಧಿಗೋ ಹಾಲಿಗೋ ನಡುವೆ ಇಳಿದಿದ್ದರೆ? ಬೇಡ, ಅದನ್ನು ಬರೆಯಲಾರೆ.

ಅಪ್ಪನಿಗೆ ಫೋಟೋ ತೋರಿಸಿದ್ದು ನಿನ್ನೆ ರಾತ್ರಿ ಊಟದ ಹೊತ್ತಿನಲ್ಲಿ. ಮೊದಲು ಬಿಂಕ. "ಮತ್ತೆ ಅವರ ಕಾರೇ ತಗೊಂಡ್ನಾ ಆ ಮೊಂಡ? ನನ್ ಹೊಟ್ಟೆ ಉರಿಸೋಕೇ ತಗೊಂಡಿರ್ತಾನೆ." ನಿನಗೆ ಗೊತ್ತಲ್ಲ, ನಮ್ಮ ಬೀದಿಯಲ್ಲಿ ಯಾರ ಮನೆ ಅಂಗಳದಲ್ಲೂ ಎದುರಾಳಿ ಕಂಪನಿ ಕಾರು ನಿಲ್ಲುವುದಿಲ್ಲ. ಆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ನಿನ್ನ ಗಂಡನಿಗೆ "ಮೂರು ಬೀದಿ ಆಚೆ ನಿಲ್ಲಿಸಿ ನಡ್ಕೊಂಡ್ ಬಾ" ಅಂದದ್ದೂ, ನೀನು ಹಬ್ಬದ ಟರ್ಕಿ ಕೋಳಿ ಮುಟ್ಟದೆ ಎದ್ದು ಹೋದದ್ದೂ ಅದಕ್ಕೇ. ನಾನು ಬೆರಳಿಟ್ಟು ಮೂರು ಕಲೆ ತೋರಿಸಿದೆ. ಅವರು ಕನ್ನಡಕ ಹಾಕಿ ನೋಡಿದರು. ಚಮಚ ಕೆಳಗಿಟ್ಟರು. ಆಮೇಲೆ ಊಟ ಮಾಡಲಿಲ್ಲ.

ಕಾರಿಗೆ ಏನಾದರೂ ಮಾಡಿದರೆ ಸ್ಟೀರಿಂಗಿಗೆ ಕೆಂಪು ಚೀಟಿ ಕಟ್ಟುವುದು ನಮ್ಮ ಶೂಟಿಂಗಿನ ಪದ್ಧತಿ. ಏನು ಮಾಡಿದೆ ಎಂದು ಬರೆದು, ಸಹಿ ಹಾಕಿ. ಚೀಟಿ ಇರುವ ಕಾರನ್ನು ಸರಿಮಾಡದೆ ಅಂಗಳದಿಂದ ಆಚೆ ಬಿಡುವುದಿಲ್ಲ. ಆ ಶೂಟಿಂಗ್ ಮುಗಿದ ಮರುದಿನವೇ ಅಪ್ಪನಿಗೆ ಹರ್ನಿಯಾ ಆಪರೇಷನ್, ಆರು ವಾರ ಮನೆಯಲ್ಲಿ. ಕಾರನ್ನು ಬೇರೆಯವರು ತೊಳೆದರು, ಒಹಾಯೊದ ಯಾರಿಗೋ ಮಾರಿದರು, ಅಲ್ಲಿಂದ ಕೈ ಬದಲಾಗಿ ಅದು ನಿಮ್ಮ ಮನೆ ಸೇರಿದೆ. ಚೀಟಿ ಇರಲಿಲ್ಲವಂತೆ. ಎಲ್ಲಿ ಹೋಯಿತೋ ಯಾರಿಗೆ ಗೊತ್ತು.

"ಕಟ್ಟಿದ್ದೆ ಕಣೇ ಹಲೀನಾ. ಕಟ್ಟಿದ್ನಲ್ಲಾ? ಮೂವತ್ತು ವರ್ಷದಲ್ಲಿ ಒಂದ್ ಸಲಾನೂ ಮರ್ತಿಲ್ಲ" ಎಂದು ನನ್ನನ್ನೇ ಕೇಳಿದರು. ಮೂರು ಸಲ ಕೇಳಿದರು. ನೋವಿನಲ್ಲಿದ್ದಿರಿ, ಮರೆತಿರಬೇಕು, ಮರೆವು ಯಾರಿಗಿಲ್ಲ ಅಂದೆ. ಅವರು ತಲೆ ತಗ್ಗಿಸಿ ತಮ್ಮ ಅಂಗೈ ನೋಡುತ್ತ ಕೂತರು. "ನನ್ ಮೊಮ್ಮಗಳನ್ನ ನಾನೇ..." ಅಂದರು. ಆಗಲೇ ಹೊರಡುತ್ತೇನೆಂದು ಎದ್ದರು. ಅವರ ಕಣ್ಣಿಗೆ ಕತ್ತಲಲ್ಲಿ ದಾರಿ ಕಾಣುವುದಿಲ್ಲ, ಬೆಳಗಾಗಲಿ ಎಂದು ನಾನೇ ಕೈ ಹಿಡಿದು ಕೂರಿಸಿದೆ.

ನಾನೂ ಬರುತ್ತೇನೆ ಅಂದೆ. ಬೇಡ, ಅಂಗಡಿಯಿಂದ ಫೋನ್ ಬಂದರೆ ಎತ್ತಲು ಒಬ್ಬರು ಬೇಕು ಅಂದರು. ನಾನು ಹೆಚ್ಚು ಹಟ ಮಾಡಲಿಲ್ಲ. ಈಗ ಫೋನಿನ ಪಕ್ಕವೇ ಕೂತು ಬರೆಯುತ್ತಿದ್ದೇನೆ. ಅದು ಬಡಿದುಕೊಂಡರೆ ಎತ್ತುವ ಧೈರ್ಯ ಇದೆಯೋ ಇಲ್ಲವೋ ಗೊತ್ತಿಲ್ಲ.

ಒಂಬತ್ತು ಹತ್ತು ಗಂಟೆ ದಾರಿ. ಸಂಜೆಗೆ ತಲುಪಿಯಾರು. ಅವರಿಗೆ ರೈ ಬ್ರೆಡ್ಡು, ಉಪ್ಪು ಮೀನು ಕಟ್ಟಿದ್ದೇನೆ, ಲೋರೆಟ್ಟಾಗೆ ಹೆಣೆದಿಟ್ಟ ಟೋಪಿ ಇದೆ. ಅವರು ನಿಮ್ಮ ಕಾರಿನ ಕೆಳಗೆ ಮಲಗಿದಾಗ ವೆಂಡೆಲ್ ಏನಾದರೂ ಕೊಂಕು ಆಡಿದರೆ ತಡೆಯಬೇಡ, ಅಷ್ಟು ಅವನ ಹಕ್ಕು. ಆದರೆ ಅಪ್ಪನಿಗೆ ಬಿಸಿ ಕಾಫಿ ಕೊಡು. ಮಗುವನ್ನು ಒಂದು ಸಲ ಎತ್ತಿಕೊಳ್ಳಲು ಬಿಡು.

ಹಾರ್ನ್ ಹೊಡೆಯುತ್ತಿದ್ದಾರೆ. ನೀವು ಮೂವರೂ ಆ ಬೆಟ್ಟದ ಮೇಲೇ ಇರಿ, ದೇವರೇ, ಅಲ್ಲೇ ಇರಿ.

ಸದಾ ನಿನ್ನವಳೇ ಆದ,
ಅಮ್ಮ

ತಾ. ಕ.: ಚೀಟಿ ಎಲ್ಲಿ ಹೋಯಿತೋ ಯಾರಿಗೆ ಗೊತ್ತು ಎಂದು ಬರೆದದ್ದು ಸುಳ್ಳು. ನನಗೆ ಗೊತ್ತು. ಒಂದು ಶಾಟಿನಲ್ಲಿ ಇದ್ದದ್ದು ಇನ್ನೊಂದರಲ್ಲೂ ಇದೆಯೋ, ಇಲ್ಲದ್ದು ನುಸುಳಿದೆಯೋ ನೋಡುವುದೇ ಅಲ್ಲಿ ನನ್ನ ಕೆಲಸ. ಕಾರಿನ ಒಳಗಿನ ಶಾಟಿನಲ್ಲಿ ಸ್ಟೀರಿಂಗಿನ ಮೇಲೆ ಕೆಂಪು ಚೀಟಿ ತೂಗಾಡುತ್ತಿತ್ತು. ಅದರ ಹಿಂದಿನ ಶಾಟಿನಲ್ಲಿ ಇರಲಿಲ್ಲ. ತೆಗೆದು ಕೆಲಸದ ಕೋಟಿನ ಜೇಬಿಗೆ ಹಾಕಿದೆ, ಶಾಟ್ ಮುಗಿದ ಮೇಲೆ ಕಟ್ಟೋಣ ಅಂತ. ಕಟ್ಟಲಿಲ್ಲ. ನಿನ್ನೆ ಫೋಟೋ ನೋಡಿದ ಕ್ಷಣವೇ ನೆನಪಾಯಿತು, ಅವರು ಮೂರು ಸಲ ಕೇಳಿದಾಗಲೂ ನೆನಪಿತ್ತು. ಬೆಳಗಿನ ಜಾವ ಕಪಾಟಿನಲ್ಲಿ ಹುಡುಕಿದೆ, ಹಳೆಯ ಕೋಟಿನಲ್ಲೇ ಇತ್ತು. ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಅವರು ತಮ್ಮದೇ ತಪ್ಪೆಂದು ತಿಳಿದು ಇಷ್ಟು ದೂರ ಬರುತ್ತಿದ್ದಾರೆ, ಬಾಯಿ ಬಿಟ್ಟು ಹೇಳಲು ನನ್ನಿಂದಾಗಲಿಲ್ಲ. ಕಾರು ಸರಿಯಾದ ಮೇಲೆ ಇದನ್ನು ಅವರ ಕೈಗೆ ಕೊಡು. ಅಪ್ಪ ಮರೆತಿರಲಿಲ್ಲ, ಡೊರೀನ್. ನೋಡು, ಅವರು ಹಾಕಿದ ಗಂಟು ಹಾಗೇ ಇದೆ, ದಾರ ಕತ್ತರಿಸಿದ್ದು ನಾನು.