ಪೆಟ್ಟಿಗೆಗೆ ನೆಗಡಿ ಆಗುವುದಿಲ್ಲ

ಬುಧವಾರ, ಮಧ್ಯಾಹ್ನ

ಮುದ್ದಿನ ಪುಟ್ಟಿಗೆ,

ಅಕ್ಕನ ಪ್ರೀತಿ. ಚಿಕ್ಕಮ್ಮನ ಮನೆಯಲ್ಲಿ ಒಂದು ತಿಂಗಳಿಂದ ಬಾಯಿ ಬಿಡದೆ ಹೇಗಿದ್ದೀಯೋ, ನನಗಂತೂ ನಂಬಲಾಗುತ್ತಿಲ್ಲ. ಚಿಕ್ಕವಳಿದ್ದಾಗ ನಿದ್ದೆಯಲ್ಲೂ ಹಾಡುತ್ತಿದ್ದವಳು ನೀನು. ನಿನ್ನ ಕಾಗದ ಬಂತು. ಭಾನುವಾರದ ರೆಕಾರ್ಡಿಂಗಿಗೆ ಮೇಳದ ಯಜಮಾನರು ಕರೆದಿದ್ದಾರೆ, ಬರಲೇ ಅಕ್ಕಾ ಎಂದು ಕೇಳಿದ್ದೀಯ. ಉತ್ತರಕ್ಕೆ ಮೊದಲು ಒಂದು ಕಥೆ. ಇದನ್ನು ಮೊದಲು ಹೇಳಿದ್ದು ನಾನಲ್ಲ, ಕೊಳಲಣ್ಣ. ಮೊನ್ನೆ ಸೋಮವಾರ ಸಂಜೆ, ಬಿಟ್ಟುಹೋಗಿದ್ದ ತನ್ನ ಸ್ಟ್ಯಾಂಡನ್ನು ಒಯ್ಯಲು ಅಭ್ಯಾಸದ ಕೋಣೆಗೆ ಬಂದವನು ನಿಂತಲ್ಲೇ ಹೇಳಿದ. ನಡುನಡುವೆ ನನ್ನ ಮಾತೂ ಸೇರಿಕೊಂಡಿದೆ, ಸಹಿಸಿಕೋ.

ಪೆಟ್ಟಿಗೆ ಬಂದ ದಿನ ನಿನಗೆ ನೆನಪಿರಬೇಕು. ಅಂಗಡಿಗೆ ಇಳಿದು ವಾರವೂ ಆಗಿರದ ಡಿಜಿಟಲ್ ಸಿಂಥಸೈಜರ್. ಹರಿದ ತಿದಿಯ ಹಾರ್ಮೋನಿಯಮ್ಮನ್ನು ಒತ್ತಿ ಒತ್ತಿ ಸಾಕಾಗಿದ್ದ ನಮ್ಮ ಹತ್ತುಬೆರಳಿನವನು ಅದನ್ನು ಕಂಡು ಹಸುಗೂಸು ಎತ್ತಿಕೊಳ್ಳುವವನಂತೆ ಎರಡೂ ಕೈ ಚಾಚಿದ. ಡೋಲಿನ ಮಾಮ ಮಾತ್ರ ಒಂದು ಬೆರಳಿನಿಂದ ಡೋಲಿನ ಗುಂಡಿ ಒತ್ತಿ, "ಭೇಷ್, ಕೈ ನೋಯಿಸಿಕೊಳ್ಳದೆ ಬಾರಿಸ್ತಾನೆ. ನಾನಿನ್ನು ಮನೇಲಿ ಹಿಟ್ಟು ಕಲಸ್ಕೊಂಡಿರ್ತೀನಿ" ಎಂದರು. ಎಲ್ಲರೂ ನಕ್ಕರು, ಅವರು ನಗಲಿಲ್ಲ. ಕೊಳಲಣ್ಣ ಅದರೊಳಗಿನ ಕೊಳಲನ್ನು ತುಂಬ ಹೊತ್ತು ಕೇಳಿ, "ಇವನು ಉಸಿರೇ ತಗೊಳ್ಳಲ್ವಲ್ರೋ" ಎಂದು ಎರಡು ಹೆಜ್ಜೆ ಹಿಂದೆ ಸರಿದ. ನೀನು ಪಿಟೀಲಿನ ಗುಂಡಿ ಒತ್ತಿ, "ಅಕ್ಕಾ, ನಿನ್ನ ಥರದವರು ಇಪ್ಪತ್ತು ಜನ ಇದಾರೆ ಇದರೊಳಗೆ!" ಎಂದು ಚಪ್ಪಾಳೆ ತಟ್ಟಿದೆ. ನಾನೂ ನಕ್ಕೆ.

ಅಲ್ಲಿಯವರೆಗೆ ನಮ್ಮ ಮೇಳಕ್ಕೆ ಶ್ರುತಿ ಕೊಡುತ್ತಿದ್ದುದು ನಿನ್ನ ಗಂಟಲು. ಬೆಳಿಗ್ಗೆ ಬಿಸಿನೀರು ಕುಡಿದು ನೀನು 'ಊಂ' ಎಂದರೆ ನಾನು ಬಿರಡೆ ತಿರುಗಿಸುತ್ತಿದ್ದೆ, ಮಾಮ ಡೋಲು ಬಿಗಿಯುತ್ತಿದ್ದರು. ನಿನಗೆ ಶೀತವಾದ ದಿನ ಮೇಳಕ್ಕೆ ಮೇಳವೇ ಒಂದು ಮೆಟ್ಟಿಲು ಇಳಿಯುತ್ತಿತ್ತು. ಕೊಳಲಣ್ಣ ಆ ದಿನದ ಕೊಳಲನ್ನು ಚೀಲದಿಂದ ಆರಿಸುತ್ತಿದ್ದ. ಯಜಮಾನರು ಅಂದು ಎಲ್ಲರೆದುರು ಹೇಳಿದರು: "ಇನ್ಮೇಲೆ ಎಲ್ಲರೂ ಪೆಟ್ಟಿಗೆಗೆ ಶ್ರುತಿ ಮಾಡ್ಕೊಳ್ಳಿ. ಪೆಟ್ಟಿಗೆಗೆ ನೆಗಡಿ ಆಗಲ್ಲ."

ಆಮೇಲೆ ನಡೆದದ್ದನ್ನು ನಾವು ಒಂದೊಂದಾಗಿ ಕಂಡೆವೇ ಹೊರತು ಒಟ್ಟಿಗೆ ಇಟ್ಟು ನೋಡಲಿಲ್ಲ. ನನ್ನ ಮೇಲಿನ ತಂತಿ ತಿಂಗಳಲ್ಲಿ ನಾಲ್ಕು ಸಲ ಹರಿಯಿತು. ಮಾಮನ ಡೋಲಿನ ಚರ್ಮ ಬಿರಿಯಿತು. ಕೊಳಲಣ್ಣ ಮಾತ್ರ ದಿನದಿನಕ್ಕೆ ಇಳಿದು ಇಳಿದು ಕೇಳಿಸತೊಡಗಿದ. ಬಿದಿರಿಗೆ ಬಿರಡೆ ಇಲ್ಲವಲ್ಲ. "ವಯಸ್ಸಾಯ್ತು ಕಣಯ್ಯ, ಉಸಿರು ಸಾಲ್ತಿಲ್ಲ ನಿಂಗೆ" ಎಂದು ಹತ್ತುಬೆರಳಿನವನು ಅಂದ. ನಾವು ಯಾರೂ ತಡೆಯಲಿಲ್ಲ. ಒಂದು ಶುಕ್ರವಾರ ಯಜಮಾನರು ಅವನಿಗೆ ಕೈ ಮುಗಿದು ಕಳುಹಿಸಿಬಿಟ್ಟರು.

ಅವನ ನಂತರ ನಿನ್ನ ಸರದಿ. ಮೇಲಿನ ಸ್ವರದಲ್ಲಿ ನಿನ್ನ ಕತ್ತಿನ ನರ ಹಗ್ಗದಂತೆ ಎದ್ದು ನಿಲ್ಲುತ್ತಿತ್ತು. ನಾಲ್ಕು ಅಡಿ ದೂರದಲ್ಲಿ ಕುಳಿತು ನಾನದನ್ನು ನೋಡುತ್ತಿದ್ದೆ. "ಯಾಕೋ ಹಾಡು ದಿನಾ ಒಂಚೂರು ಬೆಳೀತಿದೆ ಅಕ್ಕಾ" ಎಂದು ನೀನೇ ನಗುತ್ತಾ ಹೇಳಿದ್ದೆ. ಅದಾದ ಮೂರನೆಯ ದಿನ ಕರವಸ್ತ್ರದಲ್ಲಿ ರಕ್ತ. ಡಾಕ್ಟರು ಹೇಳಿದ್ದು ನಿನಗಿಂತ ನನಗೇ ಚೆನ್ನಾಗಿ ನೆನಪಿದೆ: ಗಂಟಲು ಇನ್ನೊಂದು ಸಲ ಹರಿದರೆ ಹಾಡು ಹಾಗಿರಲಿ, ಮಾತೂ ಇರುವುದಿಲ್ಲ.

ಸೋಮವಾರ ಕೊಳಲಣ್ಣ ಜೇಬಿನಿಂದ ಹಳೆಯ ಶ್ರುತಿಕವೆ ತೆಗೆದ. ಅದರ ಕಾಲಿನ ಮೇಲೆ ಸರಿಯಾದ ಶ್ರುತಿಯ ಅಂಕಿ, ನಾನೂರ ನಲವತ್ತು ಎಂದು ಕೆತ್ತಿದೆ. ಮಂಡಿಗೆ ಬಡಿದು ಮೇಜಿನ ಮೇಲೆ ಊರಿದ. ಮೇಜು ಗುಂಯ್ ಎಂದಿತು. "ಈಗ ಪೆಟ್ಟಿಗೆಯಲ್ಲಿ ಇದೇ ಸ್ವರ ಒತ್ತು" ಎಂದ. ಹತ್ತುಬೆರಳಿನವನು ಒತ್ತಿದ. ಪುಟ್ಟಿ, ಎರಡು ದನಿಗಳು ಒಂದನ್ನೊಂದು ಕಂಡು ಗುರುಗುಟ್ಟುವ ನಾಯಿಗಳಂತೆ ವಂವ್ ವಂವ್ ಎಂದು ಕಾದಾಡಿದವು. ಪರದೆಯ ಮೂಲೆಯಲ್ಲಿ ನಾವು ಎಂದೂ ನೋಡಿರದ ಒಂದು ಸಣ್ಣ ಅಂಕಿ ಇತ್ತು. ನಾನೂರ ಐವತ್ತಾರು.

"ಒಂದೇ ದಿನದಲ್ಲಿ ಏರಿಸಿದ್ರೆ ನಿಮ್ಮ ಕಿವಿಗೆ ಗೊತ್ತಾಗ್ತಿತ್ತು" ಎಂದ ಕೊಳಲಣ್ಣ. "ದಿನಕ್ಕೆ ಕೂದಲೆಳೆಯಷ್ಟು ಏರಿಸಿದಾರೆ. ಆಫ್ ಮಾಡಿದ್ರೂ ಪೆಟ್ಟಿಗೆ ಮರೆಯಲ್ಲ, ಮಾರನೇ ದಿನ ಅಲ್ಲಿಂದಲೇ ಶುರು. ನಾನು ಇಳೀಲಿಲ್ಲ ಕಣ್ರೋ. ನೀವು ಏರಿದ್ರಿ."

ಎಲ್ಲರೂ ಹತ್ತುಬೆರಳಿನವನ ಕಡೆ ತಿರುಗಿದರು. "ನಮ್ಮಮ್ಮನಾಣೆ, ಆ ಗುಂಡಿ ಎಲ್ಲಿದೆ ಅಂತಾನೂ ನಂಗೊತ್ತಿಲ್ಲ" ಎಂದು ಪಾಪ ಅತ್ತೇಬಿಟ್ಟ. ಮಾಮ ಅವನ ಕೊರಳಪಟ್ಟಿ ಹಿಡಿದರು. ನಾನು ಪಿಟೀಲು ಒರೆಸುತ್ತಾ ಕುಳಿತಿದ್ದೆ.

ನಿನ್ನ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ: ಬರಬೇಡ. ಯಜಮಾನರು ಬಂದು ಬಾಗಿಲಲ್ಲಿ ನಿಂತರೂ ಬರಬೇಡ. ತಪ್ಪು ಸಿಕ್ಕಿತಲ್ಲ, ಸರಿಮಾಡಿದರಾಯಿತಲ್ಲ ಎನ್ನಬಹುದು ನೀನು. ನಾವೂ ಹಾಗೇ ಅಂದುಕೊಂಡಿದ್ದೆವು.

ಮಾರನೆಯ ಬೆಳಿಗ್ಗೆ ನಾನು ಎಂದಿನಂತೆ ಎಲ್ಲರಿಗಿಂತ ಮೊದಲು ಹೋಗಿ ಬೀಗ ತೆಗೆದು, ಕಿಟಕಿ ತೆರೆದು, ಪೆಟ್ಟಿಗೆಯ ಧೂಳು ಒರೆಸಿದೆ. ಎಲ್ಲರೂ ಹೊತ್ತಿಗೆ ಮುಂಚೆಯೇ ಬಂದರು, ಕೊಳಲಣ್ಣನೂ ಬಂದ. ಯಜಮಾನರು ತಾವೇ ಅಂಕಿಯನ್ನು ನಾನೂರ ನಲವತ್ತಕ್ಕೆ ಇಳಿಸಿದರು. ನಾನು ಬಿರಡೆ ಸಡಿಲಿಸಿದೆ. ನಿನ್ನ ಹಾಡನ್ನೇ ಎತ್ತಿಕೊಂಡೆವು. ಎರಡು ಸಾಲು ದಾಟಲಿಲ್ಲ. "ಡೋಲು ಒದ್ದೆ ಬಟ್ಟೆ ಒಗೆದ ಹಾಗೆ ಕೇಳ್ತಿದೆ" ಎಂದರು ಮಾಮ, ಹಿಂದಿನ ದಿನ ಎಲ್ಲರಿಗಿಂತ ಜೋರಾಗಿ ಕೂಗಾಡಿದವರು. ಹತ್ತುಬೆರಳಿನವನು ತಲೆಯಾಡಿಸಿದ. ಸರಿಯಾದ ಶ್ರುತಿ ನಮಗೆಲ್ಲ ಹೆಣದಂತೆ ಕೇಳಿಸುತ್ತಿತ್ತು. ಕೊಳಲಣ್ಣ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಕೊಳಲನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದ. ನಾವು ಚಹಾ ಕುಡಿಯಲು ಹೊರಗೆ ಹೋದೆವು. ಒಬ್ಬೊಬ್ಬರಾಗಿ ಮರಳಿ ಬಂದೆವು. ಬಂದು ಕುಳಿತಾಗ ಪರದೆಯಲ್ಲಿ ನಾನೂರ ಐವತ್ತೇಳು ಇತ್ತು. ಯಾರೆಂದು ಯಾರೂ ಕೇಳಲಿಲ್ಲ. ಎಲ್ಲರೂ ತಲೆ ತಗ್ಗಿಸಿ, ಅದಕ್ಕೇ ಶ್ರುತಿ ಮಾಡಿಕೊಂಡರು.

ಇಂತಿ ನಿನ್ನ,
ಅಕ್ಕ

ಮರೆತ ಮಾತು: ಪೆಟ್ಟಿಗೆಯೊಳಗೆ ಇಪ್ಪತ್ತು ಪಿಟೀಲು ಇರುವಾಗ ಹೊರಗೊಂದು ಯಾಕೆ ಎಂದು ಯಜಮಾನರು ಮೊದಲ ವಾರವೇ ನನ್ನನ್ನು ಕೇಳಿದ್ದರು, ನಿನಗೆ ಹೇಳಿರಲಿಲ್ಲ. ಶ್ರುತಿ ಒಂಚೂರು ಏರಿದರೆ ಪಿಟೀಲು ಹೊಳೆಯುತ್ತದೆ. ಒಂದು ಬೆಳಿಗ್ಗೆ ಧೂಳು ಒರೆಸುವಾಗ ಆ ಗುಂಡಿಯನ್ನು ಒಂದೇ ಒಂದು ಸಲ ಒತ್ತಿದೆ. ಅಂದು ಅವರು ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ, "ಇವತ್ತು ನಿನ್ನ ಪಿಟೀಲು ಬೆಳಗ್ತಿದೆ" ಎಂದರು. ನಿನ್ನ ಕತ್ತಿನ ನರ ಕಂಡಮೇಲೂ ಒತ್ತಿದೆ. ಆ ಹದಿನಾರು ಸಲವೂ ನನ್ನ ಬೆರಳೇ ಪುಟ್ಟಿ. ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸು. ಆದರೆ ಬರಬೇಡ. ನಿನ್ನೆ ಒತ್ತಿದ್ದು ನಾನಲ್ಲ.